ಮೆಚ್ಚಿನ ಸರಣಿ ಮುಗಿದ ಮೇಲೆ: ಎಪಿಕ್ ಫ್ಯಾಂಟಸಿಯಲ್ಲಿ ಮುಂದಿನ ಓದು

ಓದುಗ ಮಿತ್ರರೆ,

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮುಗಿಯಿತು, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಐದು ಸಂಪುಟಗಳು ಮುಗಿದವು, ರಾಬರ್ಟ್ ಜೋರ್ಡನ್ ಅವರ 14 ಸಂಪುಟಗಳೂ ಮುಗಿದವು, ಮುಂದೇನು ಓದಲಿ ಎಂದು ಕೇಳುವವರು ಕನ್ನಡದ ಓದುಗರಲ್ಲೂ ಈಗ ಕಡಿಮೆಯೇನಿಲ್ಲ. ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರವೆಂದರೆ ಹೆಸರುಗಳ ಒಂದು ಉದ್ದನೆಯ ಪಟ್ಟಿ. ಹೆಸರುಗಳನ್ನು ನಾನೂ ಹೇಳುತ್ತೇನೆ. ಆದರೆ ಅವುಗಳಿಗಿಂತ ಹುಡುಕುವ ಕ್ರಮದ ಬಗೆಗೆ ಮಾತಾಡುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ಮೆಚ್ಚಿದ ಲೇಖಕರಂತೆಯೇ ಬರೆಯುವ ಇನ್ನೊಬ್ಬರನ್ನು ಅರಸುವ ಬದಲು, ಆ ಲೇಖಕರು ಯಾರನ್ನು ಓದಿ ಬೆಳೆದರು, ಯಾರಿಗೆ ಋಣಿಯಾಗಿದ್ದಾರೆ ಎಂದು ವಿಚಾರಿಸಿಕೊಂಡು ಹೊರಟರೆ ಒಳ್ಳೆಯ ಪುಸ್ತಕಗಳು ಬೇಗ ಸಿಗುತ್ತವೆ ಎಂಬುದು ನನ್ನ ವಾದ.

ಹೋಲಿಕೆಯ ಬೆನ್ನು ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಎಪಿಕ್ ಫ್ಯಾಂಟಸಿಯ, ಅಂದರೆ ಕಲ್ಪಿತ ಲೋಕಗಳಲ್ಲಿ ನಡೆಯುವ ಮಹಾಕಥೆಗಳ, ಚರಿತ್ರೆಯಲ್ಲೇ ಸಾಕ್ಷಿಯಿದೆ. ಟೋಲ್ಕಿನ್ ಅವರ ಮಹಾಕೃತಿ 1954–55ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು; 1965ರಲ್ಲಿ ಅಮೆರಿಕದಲ್ಲಿ ಅಗ್ಗದ ಆವೃತ್ತಿ ಬಂದ ಮೇಲೆ ಅದು ಕಾಲೇಜು ವಿದ್ಯಾರ್ಥಿಗಳ ಕೈಗೆಲ್ಲ ಹರಿಯಿತು. ಓದಿ ಮುಗಿಸಿದವರಿಗೆ ಮುಂದೇನು ಕೊಡುವುದು ಎಂಬ ಪ್ರಶ್ನೆ ಆಗ ಪ್ರಕಾಶಕರಿಗೂ ಎದುರಾಯಿತು. ಬ್ಯಾಲಂಟೈನ್ ಸಂಸ್ಥೆ ಮೊದಲು ಹಿಂದಕ್ಕೆ ನೋಡಿತು. ಲಿನ್ ಕಾರ್ಟರ್ ಅವರನ್ನು ಸಲಹೆಗಾರರನ್ನಾಗಿ ಇಟ್ಟುಕೊಂಡು 1969ರಿಂದ 1974ರವರೆಗೆ ವಿಲಿಯಂ ಮಾರಿಸ್, ಲಾರ್ಡ್ ಡನ್ಸೇನಿ, ಹೋಪ್ ಮರ್ಲೀಸ್ ಮುಂತಾದ ಹಳೆಯ ಲೇಖಕರನ್ನು ಒಂದು ಮಾಲೆಯಾಗಿ ಮರುಮುದ್ರಿಸಿತು. ಮರ್ಲೀಸ್ ಅವರ ‘ಲಡ್-ಇನ್-ದ-ಮಿಸ್ಟ್’ 1926ರ ಪುಸ್ತಕ. ಮರೆತೇಹೋಗಿದ್ದ ಅದನ್ನು ಇಂದಿಗೂ ಜನ ಓದುತ್ತಿದ್ದರೆ ಅದರಲ್ಲಿ ಆ ಮಾಲೆಯ ಪಾಲು ದೊಡ್ಡದು.

ಆಮೇಲೆ ಗಾಳಿ ತಿರುಗಿತು. 1977ರಲ್ಲಿ ಟೆರ್ರಿ ಬ್ರೂಕ್ಸ್ ಅವರ ‘ದಿ ಸೋರ್ಡ್ ಆಫ್ ಶನಾರಾ’ ಬಂತು. ಹಳ್ಳಿಯ ಹುಡುಗ, ನಿಗೂಢ ಹಿರಿಯ, ದುಷ್ಟನನ್ನು ಸೋಲಿಸಬಲ್ಲ ಒಂದು ವಸ್ತು, ಅದಕ್ಕಾಗಿ ಯಾತ್ರೆ: ಎಲ್ಲವೂ ಟೋಲ್ಕಿನ್ ಅವರಲ್ಲಿ ಕಂಡಂಥವೇ. ಪುಸ್ತಕ ಚೆನ್ನಾಗಿ ಮಾರಾಟವಾಯಿತು, ಓದಿಸಿಕೊಂಡೂ ಹೋಗುತ್ತದೆ. ಆದರೆ ಓದುತ್ತಿರುವಷ್ಟು ಹೊತ್ತೂ ಮೂಲದ ನೆನಪನ್ನೇ ತರುತ್ತದೆ. ಅದೇ ವರ್ಷ ಸ್ಟೀಫನ್ ಡೊನಾಲ್ಡ್‌ಸನ್ ಅವರ ‘ಲಾರ್ಡ್ ಫೌಲ್ಸ್ ಬೇನ್’ ಕೂಡ ಬಂತು. ಅದರ ನಾಯಕ ಕುಷ್ಠರೋಗಿ. ತಾನು ಬಂದು ಬಿದ್ದ ಮಾಯಾಲೋಕ ನಿಜವೆಂದು ನಂಬಲು ಒಪ್ಪದವನು. ಆರಂಭದಲ್ಲಿಯೇ ಅವನು ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ ಎಸಗುತ್ತಾನೆ. ಆ ಪುಟವನ್ನು ದಾಟಲಾರದೆ ಪುಸ್ತಕ ಮುಚ್ಚಿಟ್ಟವರನ್ನು ನಾನು ದೂರುವುದಿಲ್ಲ. ದಾಟಿದವರಿಗೆ ಮಾತ್ರ ಆ ಅಪರಾಧದ ಪರಿಣಾಮ ಮುಂದಿನ ಸಂಪುಟಗಳ ಉದ್ದಕ್ಕೂ ಬೆನ್ನಟ್ಟಿ ಬರುವುದು ಕಾಣುತ್ತದೆ. ಟೋಲ್ಕಿನ್ ಅವರನ್ನು ನಿಜವಾಗಿ ಮೈಗೂಡಿಸಿಕೊಂಡು ಅವರೊಡನೆ ಜಗಳಕ್ಕಿಳಿದ ಪುಸ್ತಕ ಅದು ಎಂದು ನನ್ನ ಎಣಿಕೆ.

ಋಣದ ಜಾಡು ಹಿಡಿಯುವುದೆಂದರೆ ಹೇಗೆ ಎಂಬುದಕ್ಕೆ ಮಾರ್ಟಿನ್ ಅವರನ್ನೇ ತೆಗೆದುಕೊಳ್ಳೋಣ. ಟ್ಯಾಡ್ ವಿಲಿಯಮ್ಸ್ ಅವರ ಸರಣಿ ತನಗೆ ಪ್ರೇರಣೆಯಾಯಿತೆಂದು ಅವರೇ ಬಾಯಿ ಬಿಟ್ಟು ಹೇಳಿದ್ದಾರೆ. ಆ ಸರಣಿಯ ಮೊದಲ ಸಂಪುಟ ‘ದಿ ಡ್ರ್ಯಾಗನ್‌ಬೋನ್ ಚೇರ್’ 1988ರಲ್ಲಿಯೂ ಕೊನೆಯದು 1993ರಲ್ಲಿಯೂ ಬಂದವು. ಮಾರ್ಟಿನ್ ಅವರ ಮೊದಲ ಸಂಪುಟ ಬಂದದ್ದು 1996ರಲ್ಲಿ. ವಿಲಿಯಮ್ಸ್ ಅವರ ಕಥೆಯಲ್ಲಿ ಮುದಿ ರಾಜ ಸಾಯುತ್ತಿದ್ದಾನೆ, ಅವನ ಇಬ್ಬರು ಗಂಡುಮಕ್ಕಳ ನಡುವೆ ವೈರ ಹೊಗೆಯಾಡುತ್ತಿದೆ, ಉತ್ತರದ ಹಿಮದಿಂದ ಮನುಷ್ಯರಲ್ಲದ ಹಳೆಯ ಹಗೆಗಳು ಎಚ್ಚರಗೊಳ್ಳುತ್ತಿವೆ. ಇದೆಲ್ಲದರ ನಡುವೆ ಅರಮನೆಯ ಅಡುಗೆಮನೆಯಲ್ಲಿ ಕೆಲಸಕ್ಕಿರುವ ಸೈಮನ್ ಎಂಬ ಹುಡುಗ ಕೆಲಸ ತಪ್ಪಿಸಿಕೊಂಡು ಕೋಟೆಯ ಮೂಲೆಮೂಲೆಗಳಲ್ಲಿ ಅಲೆಯುತ್ತಿರುತ್ತಾನೆ. ಮೊದಲ ಇನ್ನೂರು ಪುಟಗಳಲ್ಲಿ ಕಥೆ ಬಹಳ ನಿಧಾನ. ಐವತ್ತು ಪುಟ ಓದಿ ನೋಡಿ, ಹಿಡಿಸದಿದ್ದರೆ ಬಿಡಿ ಎಂಬ ಬುದ್ಧಿಮಾತು ಬೇರೆ ಕಾದಂಬರಿಗಳಿಗೆ ಸರಿಯಿರಬಹುದು, ಇಲ್ಲಿಗೆ ಹೊಂದುವುದಿಲ್ಲ. ಹುಡುಗನೊಡನೆ ಆ ಕೋಟೆಯಲ್ಲಿ ಅಲೆದವರಿಗೆ ಮಾತ್ರ ಅದು ಕೈತಪ್ಪಿದಾಗ ನೋವಾಗುತ್ತದೆ. ಪುಸ್ತಕದ ಕೊನೆಯಲ್ಲಿರುವ ಪಾತ್ರಗಳ ಪಟ್ಟಿಗೂ ನಾವು ಅಂಜಬೇಕಾಗಿಲ್ಲ. ಯಯಾತಿ, ಪುರು, ಕುರು, ಶಂತನು ಎಂದು ವಂಶಾವಳಿ ಕೇಳಿಯೇ ಬೆಳೆದವರಲ್ಲವೆ ನಾವು!

ಇನ್ನೊಂದು ಜಾಡು ಟೋಲ್ಕಿನ್ ಅವರ ಮನೆಯಿಂದಲೇ ಹೊರಡುತ್ತದೆ. 1973ರಲ್ಲಿ ಅವರು ತೀರಿಕೊಂಡಾಗ ‘ದಿ ಸಿಲ್ಮರಿಲಿಯನ್’ ಅಪೂರ್ಣ ಹಸ್ತಪ್ರತಿಗಳ ರಾಶಿಯಾಗಿ ಉಳಿದಿತ್ತು. ಮಗ ಕ್ರಿಸ್ಟೋಫರ್ ಅದನ್ನು ಸಂಪಾದಿಸಿ 1977ರಲ್ಲಿ ಹೊರತಂದರು. ಆ ಕೆಲಸದಲ್ಲಿ ಅವರಿಗೆ ನೆರವಾದವರು ಗೈ ಗೇವ್ರಿಯಲ್ ಕೇ ಎಂಬ ಕೆನಡಾದ ತರುಣ. ಕೇ ಅವರ ಮೊದಲ ಮೂರು ಪುಸ್ತಕಗಳಲ್ಲಿ ಗುರುವಿನ ನೆರಳು ದಟ್ಟವಾಗಿದೆ. 1990ರ ‘ಟಿಗಾನಾ’ದಲ್ಲಿ ಅವರು ಆ ನೆರಳಿನಿಂದ ಹೊರಬಂದರು. ನವೋದಯ ಕಾಲದ ಇಟಲಿಯನ್ನು ನೆನಪಿಸುವ ಒಂದು ಪರ್ಯಾಯದ್ವೀಪ. ಅದರ ಒಂದು ಪ್ರಾಂತ್ಯದ ಜನ ನಡೆಸಿದ ಯುದ್ಧದಲ್ಲಿ ಬ್ರ್ಯಾಂಡಿನ್ ಎಂಬ ಮಾಂತ್ರಿಕ ದೊರೆಯ ಮಗ ಸಾಯುತ್ತಾನೆ. ಪ್ರಾಂತ್ಯವನ್ನು ಗೆದ್ದ ಮೇಲೆ ತಂದೆ ತೀರಿಸಿಕೊಳ್ಳುವ ಸೇಡು ವಿಚಿತ್ರವಾದದ್ದು: ಆ ನಾಡಿನ ಹೆಸರನ್ನೇ ಅವನು ಮಂತ್ರದಿಂದ ಅಳಿಸಿಹಾಕುತ್ತಾನೆ. ಅಲ್ಲಿ ಹುಟ್ಟಿದವರು ಹೆಸರನ್ನು ಉಚ್ಚರಿಸಬಲ್ಲರು, ಆದರೆ ಹೊರಗಿನವರ ಕಿವಿಗೆ ಅದು ಬೀಳುವುದೇ ಇಲ್ಲ. ಹಾಗಾಗಿ ಆ ತಲೆಮಾರು ತೀರಿದ ದಿನ ನಾಡೂ ಇರಲೇ ಇಲ್ಲವೆಂಬಂತಾಗುತ್ತದೆ. ಪುತ್ರಶೋಕದಿಂದ ಈ ಕ್ರೌರ್ಯ ಹುಟ್ಟಿತೆಂಬುದನ್ನು ಕೇ ಓದುಗರಿಂದ ಮರೆಮಾಡುವುದಿಲ್ಲ. ಬ್ರ್ಯಾಂಡಿನ್‌ನನ್ನು ಮನಸಾರೆ ದ್ವೇಷಿಸುವುದೂ ಓದುಗರಿಗೆ ಕಷ್ಟವಾಗುತ್ತದೆ. ಇಷ್ಟೆಲ್ಲವೂ ಒಂದೇ ಸಂಪುಟದಲ್ಲಿ ಮುಗಿಯುತ್ತದೆ. ಹತ್ತು ಸಂಪುಟಗಳಿಗೆ ಸಮಯವಿಲ್ಲ, ಒಂದೇ ಪುಸ್ತಕ ಹೇಳಿ ಎಂದವರಿಗೆ ನಾನು ಹೇಳುವ ಹೆಸರು ಇದು.

ಜಾಡು ಹಿಡಿಯುವ ಮೊದಲು, ಮೆಚ್ಚಿದ ಸರಣಿಯಲ್ಲಿ ತನ್ನನ್ನು ಕಟ್ಟಿಹಾಕಿದ್ದು ಯಾವುದು ಎಂದು ಓದುಗ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಸಾವಿರಾರು ವರ್ಷಗಳ ಚರಿತ್ರೆಯುಳ್ಳ ಲೋಕವೇ ಆಕರ್ಷಣೆಯಾಗಿದ್ದರೆ ಸ್ಟೀವನ್ ಎರಿಕ್‌ಸನ್ ಇದ್ದಾರೆ. ಪುರಾತತ್ವ, ಮಾನವಶಾಸ್ತ್ರಗಳನ್ನು ಓದಿದ ಅವರು 1999ರಿಂದ 2011ರವರೆಗೆ ಬರೆದ 10 ಸಂಪುಟಗಳಲ್ಲಿ ಓದುಗರಿಗೆ ಯಾವುದನ್ನೂ ಬಿಡಿಸಿ ಹೇಳುವುದಿಲ್ಲ. ಒಂದು ಪಾತ್ರದೊಡನೆ ಬಾಲ್ಯದಿಂದ ಮುಪ್ಪಿನವರೆಗೆ ಬದುಕಿದ ಅನುಭವ ಬೇಕಾದವರು ರಾಬಿನ್ ಹಾಬ್ ಅವರಲ್ಲಿಗೆ ಹೋಗಬೇಕು. ರಾಜಕುಮಾರನ ಅಕ್ರಮ ಸಂತಾನವಾದ ಫಿಟ್ಜ್ ಎಂಬವನ ಕಥೆ 1995ರಲ್ಲಿ ಆರಂಭವಾಗಿ 2017ರಲ್ಲಿ, 16ನೆಯ ಪುಸ್ತಕದಲ್ಲಿ ಮುಗಿಯಿತು. ನಡುವೆ ಬರುವ ಹಡಗುಗಳ ಕಥೆಯ ಮೂರು ಸಂಪುಟಗಳನ್ನು, ಅವುಗಳಲ್ಲಿ ಫಿಟ್ಜ್‌ನ ಕಥೆ ಇಲ್ಲವೆಂದು ಹಲವರು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು, ಅವುಗಳ ಎಳೆಗಳು ಮುಂದಿನ ಸಂಪುಟಗಳಿಗೆ ಬೇಕಾಗುತ್ತವೆ, ಕಥೆಯಾಗಿಯೂ ಅವು ಈ ಸರಣಿಯ ಅತ್ಯುತ್ತಮ ಭಾಗಗಳಲ್ಲಿ ಸೇರುತ್ತವೆ.

ಮಂತ್ರಶಕ್ತಿಯ ಗಾಂಭೀರ್ಯವನ್ನು ಮೆಚ್ಚುವವರು ಉರ್ಸುಲಾ ಲೆ ಗ್ವಿನ್ ಅವರನ್ನು ಓದಬೇಕು. 1968ರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ಯ ಆರಂಭವನ್ನು ನೋಡಿ. ಗಾಂಟ್ ಎಂಬ ದ್ವೀಪದಲ್ಲಿ ಆಡು ಮೇಯಿಸುವ ಏಳು ವರ್ಷದ ಹುಡುಗನೊಬ್ಬ, ತನ್ನ ತಾಯಿಯ ಸೋದರಿ ಮಾಡಿನ ಮೇಲಿದ್ದ ಆಡನ್ನು ಕರೆಯಲು ಹೇಳಿದ ಮಾತನ್ನು ಕೇಳಿಸಿಕೊಂಡಿರುತ್ತಾನೆ. ಮರುದಿನ ಅರ್ಥ ತಿಳಿಯದೆ ಅದನ್ನೇ ಗಟ್ಟಿಯಾಗಿ ಕೂಗುತ್ತಾನೆ. ಆಡುಗಳೆಲ್ಲ ಸದ್ದಿಲ್ಲದೆ ಓಡಿಬಂದು ಅವನನ್ನು ಒತ್ತಿಕೊಂಡು ನಿಲ್ಲುತ್ತವೆ, ಹಳದಿ ಕಣ್ಣುಗಳಿಂದ ಅವನನ್ನೇ ನೋಡುತ್ತವೆ, ಬಿಡಿಸಿಕೊಂಡು ಓಡಿದರೂ ಜೊತೆಯಲ್ಲೇ ಬರುತ್ತವೆ. ಅಧಿಕಾರ ಕೈಗೆ ಬಂದ ಮೊದಲ ಕ್ಷಣದಲ್ಲೇ ಭಯವೂ ಬಂತೆಂಬುದನ್ನು ಒಂದೂ ವಿವರಣೆಯಿಲ್ಲದೆ ಕಾಣಿಸುವ ಇಂಥ ಪುಟಗಳು ಈ ಪ್ರಕಾರದಲ್ಲಿ ವಿರಳ. ಆ ಹುಡುಗ ಕಂದುಬಣ್ಣದವನು ಎಂಬುದೂ 1968ರಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಎನ್. ಕೆ. ಜೆಮಿಸಿನ್ ಅವರ ಒಂದೇ ಸರಣಿಯ ಮೂರೂ ಸಂಪುಟಗಳಿಗೆ 2016ರಿಂದ 2018ರವರೆಗೆ ಸತತವಾಗಿ, ವಿಜ್ಞಾನಕಥೆ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದಾಗ, ಯೂರೋಪಿನ ಮಧ್ಯಯುಗವನ್ನು ಬಿಟ್ಟು ಹೊರಟ ಈ ದಾರಿ ಹೆದ್ದಾರಿಯಾಗಿತ್ತು.

ಹಿಂದಕ್ಕೆ ನೋಡುವುದೆಂದರೆ ಇಂಗ್ಲೆಂಡಿನ ಕಡೆಗೆ ಮಾತ್ರ ಎಂದೇನಿಲ್ಲ. ಲಖನೌದ ನವಲ್ ಕಿಶೋರ್ ಮುದ್ರಣಾಲಯ ಅಮೀರ್ ಹಮ್ಜಾನ ದಾಸ್ತಾನನ್ನು, ಅಂದರೆ ಸಾಹಸಗಳ ಉದ್ದನೆಯ ಕಥೆಯನ್ನು, ಉರ್ದುವಿನಲ್ಲಿ 46 ಸಂಪುಟಗಳಾಗಿ ಅಚ್ಚು ಹಾಕಿತು. ಅದರ ಅತ್ಯಂತ ಪ್ರಸಿದ್ಧ ಭಾಗವಾದ ‘ತಿಲಿಸ್ಮ್-ಎ-ಹೋಶ್‌ರುಬಾ’ 1883ರಿಂದ ಹೊರಬರತೊಡಗಿತು. ಮಾಯಾಸಾಮ್ರಾಜ್ಯದ ದೊರೆ ಅಫ್ರಾಸಿಯಾಬ್ ಒಂದು ಕಡೆ. ವೇಷ ಬದಲಿಸುವುದರಲ್ಲಿ ನಿಸ್ಸೀಮನಾದ, ಏನು ಹಾಕಿದರೂ ಹಿಡಿಸುವ ಚೀಲವೊಂದನ್ನು ಹೊತ್ತು ತಿರುಗುವ, ಜಿಪುಣಾಗ್ರೇಸರ ಅಮರ್ ಅಯ್ಯಾರ್ ಇನ್ನೊಂದು ಕಡೆ. ಇದರ ಮೊದಲ ಭಾಗವನ್ನು ಮುಷರ್ರಫ್ ಅಲಿ ಫಾರೂಖಿ 2009ರಲ್ಲಿ ಇಂಗ್ಲಿಷಿಗೆ ತಂದರು. ಟೋಲ್ಕಿನ್ ಹುಟ್ಟುವುದಕ್ಕೂ ಮೊದಲು ಅಚ್ಚಾಗತೊಡಗಿದ ಈ ಕಥೆ ನಮ್ಮ ಫ್ಯಾಂಟಸಿ ಓದುಗರ ಕಪಾಟುಗಳಲ್ಲಿ ಅಪರೂಪವಾಗಿರುವುದು ನನಗೆ ಆಶ್ಚರ್ಯದ ವಿಷಯ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಮ್ಮ ಅಂಗಡಿಗಳಲ್ಲಿ ಬ್ರಿಟಿಷ್ ಆವೃತ್ತಿಗಳು ಹೆಚ್ಚಾಗಿ ಸಿಗುತ್ತವೆ; ಅವುಗಳಲ್ಲಿ ಕೆಲವು ದಪ್ಪ ಸಂಪುಟಗಳನ್ನು ಎರಡಾಗಿ ಒಡೆದಿರುತ್ತಾರೆ. ಮಾರ್ಟಿನ್ ಅವರ ಮೂರನೆಯ ಸಂಪುಟವೂ ವಿಲಿಯಮ್ಸ್ ಅವರ ಕೊನೆಯ ಸಂಪುಟವೂ ಹೀಗೆ ಎರಡೆರಡು ಪುಸ್ತಕಗಳಾಗಿ ಬಂದಿವೆ. ಹಳೆಯ ಪುಸ್ತಕದ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಯಾವ ಭಾಗವೆಂದು ಒಳಪುಟ ತೆರೆದು ನೋಡಿಕೊಳ್ಳುವುದು ಒಳ್ಳೆಯದು.

ಮುಗಿಯದ ಸರಣಿಗಳ ವಿಚಾರ ಉಳಿಯಿತು. ಮಾರ್ಟಿನ್ ಅವರ ಐದನೆಯ ಸಂಪುಟವೂ ಪ್ಯಾಟ್ರಿಕ್ ರಾತ್‌ಫಸ್ ಅವರ ಎರಡನೆಯದೂ 2011ರಲ್ಲಿ ಬಂದವು. ಮುಂದಿನವುಗಳಿಗಾಗಿ ಓದುಗರು ಕಾಯುತ್ತಲೇ ಇದ್ದಾರೆ. ಜೋರ್ಡನ್ 2007ರಲ್ಲಿ ತೀರಿಕೊಂಡಾಗ ಅವರ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್‌ಸನ್ ಕೊನೆಯ ಮೂರು ಸಂಪುಟಗಳನ್ನು ಬರೆದುಕೊಟ್ಟರು. ಅಂಥ ಅದೃಷ್ಟ ಎಲ್ಲ ಸರಣಿಗಳಿಗೂ ಇರುವುದಿಲ್ಲ. ಕಾಯುವ ಸಂಕಟ ಬೇಡವೆನ್ನುವವರು ಜ್ಯಾನಿ ವುರ್ಟ್ಸ್ ಅವರನ್ನು ನೋಡಬಹುದು. ಒಬ್ಬಳೇ ತಾಯಿಯ ಇಬ್ಬರು ಗಂಡುಮಕ್ಕಳು, ಬೇರೆ ಬೇರೆ ತಂದೆಯರು, ಇಬ್ಬರನ್ನೂ ಎದುರಾಳಿಗಳನ್ನಾಗಿಸುವ ಒಂದು ಶಾಪ. ಕರ್ಣಾರ್ಜುನರನ್ನು ಬಲ್ಲವರಿಗೆ ಈ ಕಥೆಯ ಬಿಗಿ ತಟ್ಟನೆ ಹಿಡಿಯುತ್ತದೆ. ವಾಕ್ಯಗಳು ಮಾತ್ರ ಜಟಿಲ, ಅವಸರದ ಓದಿಗೆ ಬಗ್ಗುವುದಿಲ್ಲ. 1993ರಲ್ಲಿ ಆರಂಭವಾದ ಆ ಸರಣಿಯ 11ನೆಯ ಹಾಗೂ ಕೊನೆಯ ಸಂಪುಟ 2024ರಲ್ಲಿ ಬಂತು. ಈಗ ಮೊದಲ ಸಂಪುಟವನ್ನು ಕೈಗೆತ್ತಿಕೊಳ್ಳುವವರಿಗೆ ಪೂರ್ತಿ ಕಥೆ ಸಿದ್ಧವಾಗಿದೆ.