ಮಲಗಿದರೆ ಮೆದುಳು ಆಫ್ ಆಗುತ್ತದಂತೆ! ಯಾರ್ರೀ ಹೇಳಿದ್ದು?

ನಮಸ್ಕಾರ, ದಾವಣಗೆರೆಯಿಂದ ನಿಮ್ಮವನೇ. ಮೈಕಿಗೆ ಸದ್ದು ಬರುತ್ತದೆ ಅಂತ ಫ್ಯಾನ್ ಆರಿಸಿ ಕೂತಿದ್ದೇನೆ. ಬೆವರು ಸುರಿಯುತ್ತಿದೆ. ಅದಕ್ಕಿಂತ ಜಾಸ್ತಿ ಸಿಟ್ಟು ಬಂದಿದೆ.

ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: ‘ಬ್ರೋ, ನಿದ್ದೆ ಅಂದರೆ ಮೆದುಳು ಸ್ವಿಚ್ ಆಫ್. ನಾಲ್ಕು ಗಂಟೆ ಆಫ್ ಆದರೂ ಒಂದೇ, ಎಂಟು ಗಂಟೆ ಆದರೂ ಒಂದೇ.’ ಇದಕ್ಕೆ ಇನ್ನೂರು ಲೈಕ್! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಸ್ವಾಮಿ, ಮೆದುಳು ಆಫ್ ಆಗುವುದಿಲ್ಲ. ಪಾಳಿ ಬದಲಾಗುತ್ತದೆ. ಹತ್ತಿ ಮಿಲ್ಲಿನಿಂದ ಬೆಳೆದ ಊರಿಗೆ ಇದನ್ನು ಬಿಡಿಸಿ ಹೇಳಬೇಕಾ? ಒಂದು ಪಾಳಿಯವರು ಹೊರಗೆ ಬಂದರೆ ಇನ್ನೊಂದು ಪಾಳಿಯವರು ಒಳಗೆ. ಮಷಿನ್ ನಿಲ್ಲುತ್ತಿತ್ತಾ?

ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲೇ ಮನುಷ್ಯನ ಮೆದುಳಿನ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಸಿದ. ಅದೇ ಇಇಜಿ. ಆಮೇಲೆ ಮಲಗಿದವರಿಗೂ ತಂತಿ ಹಚ್ಚಿ ನೋಡಿದರು. ಗೆರೆ ಕುಣಿಯುತ್ತಲೇ ಇತ್ತು. ಅದು ಸಪಾಟಾಗಿ ಉಳಿದುಬಿಟ್ಟರೆ ನಿದ್ದೆ ಅನ್ನುವುದಿಲ್ಲ, ನೆಂಟರಿಗೆ ಫೋನ್ ಮಾಡುತ್ತಾರೆ.

ಸುಮ್ನೆ ಕಣ್ಣು ಮುಚ್ಚಿದಾಗ ಸೆಕೆಂಡಿಗೆ 8ರಿಂದ 12 ಅಲೆ. ಜೊಂಪು ಹತ್ತಿದಾಗ 4ರಿಂದ 7. ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ತಲೆ ಇಟ್ಟು, ಆಮೇಲೆ ‘ನಾನೆಲ್ಲಿ ಮಲಗಿದ್ದೆ?’ ಅಂತ ಜಗಳಕ್ಕೆ ಬರುತ್ತೀರಲ್ಲ, ಅದು ಇದೇ ಹಂತ.

ಎರಡನೇ ಹಂತ ನನಗೆ ಬಹಳ ಇಷ್ಟ. ಇಲ್ಲಿ ‘ಸ್ಪಿಂಡಲ್’ ಅನ್ನುವ ಅಲೆಗಳು ಬರುತ್ತವೆ. ಸ್ಪಿಂಡಲ್ ಅಂದರೆ ಏನು? ನೂಲು ಸುತ್ತುವ ಕದಿರು! ನಡುವೆ ದಪ್ಪ, ಎರಡೂ ತುದಿ ಸಣ್ಣ, ಅದಕ್ಕೇ ಆ ಹೆಸರು. ಮಲಗಿದವರ ತಲೆಯೊಳಗೆ ಕದಿರು ತಿರುಗುತ್ತಿದೆ ಕಣ್ರೀ, ಆಫ್ ಅಂತೆ ಆಫ್! ಅದೇ ಹೊತ್ತಿಗೆ ಹೊರಗೆ ಏನೋ ಸದ್ದಾದರೆ ಕೆ-ಕಾಂಪ್ಲೆಕ್ಸ್ ಅಂತ ಒಂದು ದೊಡ್ಡ ಅಲೆ ಎದ್ದು ಬೀಳುತ್ತದೆ. ನಿಮ್ಮ ಹೆಸರು ಹಿಡಿದು ಕರೆದರಂತೂ ಇನ್ನೂ ಚುರುಕು. ಕಾವಲಿನ ಗಂಡ ಊಟಕ್ಕೆ ಕೂತಿದ್ದರೂ ಕಿಂಡಿ ಹತ್ತಿರ ಓಬವ್ವನ ಕಿವಿ ಚುರುಕಾಗಿತ್ತಲ್ಲ, ಹಾಗೆ. ಚಿತ್ರದುರ್ಗದವರು ಇದಕ್ಕಾದರೂ ಲೈಕ್ ಒತ್ತಿ.

ಆಮೇಲೆ ಗಾಢ ನಿದ್ದೆ. ‘ಈಗಲಾದರೂ ಆಫ್ ತಾನೇ?’ ಇಲ್ಲ! ನಾಯಕನಹಟ್ಟಿ ತೇರು ನೋಡಿದ್ದೀರಲ್ವಾ? ಸಾವಿರ ಜನ ಒಟ್ಟಿಗೆ ಮಿಣಿ ಜಗ್ಗುತ್ತಾರೆ, ಒಟ್ಟಿಗೆ ನಿಲ್ಲುತ್ತಾರೆ, ಮತ್ತೆ ಜಗ್ಗುತ್ತಾರೆ. ಗಾಢ ನಿದ್ದೆಯಲ್ಲಿ ಮೆದುಳಿನ ಕೋಶಗಳು ಮಾಡುವುದೂ ಅದನ್ನೇ. ಸೆಕೆಂಡಿಗೆ ಒಂದೋ ಎರಡೋ ಅಲೆ, ಆದರೆ ಒಂದೊಂದೂ ಎತ್ತರ. ಎಚ್ಚರ ಇದ್ದಾಗ ಎಲ್ಲರೂ ಒಬ್ಬೊಬ್ಬರೇ ಮಾತಾಡುವ ಸಂತೆ, ಅದಕ್ಕೆ ಅಲೆ ಗಿಡ್ಡ.

ನಮ್ಮಪ್ಪ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಿದ್ದರು. ಲೋಟ ಬಿದ್ದರೂ ನಮಗೆ ಬೈಗುಳ. ನಾನು ಪಕ್ಕದಲ್ಲಿ ಕೂತು ಅವರ ಮುಖ ನೋಡುತ್ತಿದ್ದೆ. ಕೈ ಎತ್ತಿ ಬಿಟ್ಟರೆ ಒದ್ದೆ ಟವಲ್ ಹಾಗೆ ಬೀಳುತ್ತಿತ್ತು. ಮುಚ್ಚಿದ ರೆಪ್ಪೆ ಕೆಳಗೆ ಮಾತ್ರ ಗುಡ್ಡೆ ಅತ್ತಿಂದಿತ್ತ ಓಡಾಟ. ದೆವ್ವ ಬಂದಿದೆ ಅಂತ ಅಮ್ಮನನ್ನು ಕರೆದಿದ್ದೆ. ಅದು ರೆಮ್ ನಿದ್ದೆ, ಅಂದರೆ ಕಣ್ಣುಗುಡ್ಡೆ ಸರಸರ ಓಡಾಡುವ ನಿದ್ದೆ. ಶಿಕಾಗೋದ ಸಂಶೋಧಕ ಅಸೆರಿನ್‌ಸ್ಕಿ ತನ್ನ ಮಗನಿಗೇ ತಂತಿ ಹಚ್ಚಿ ನೋಡಿದ್ದ. 1953ರಲ್ಲಿ ಅವನೂ ಅವನ ಗುರು ಕ್ಲೈಟ್‌ಮನ್ನೂ ಅದನ್ನು ಪ್ರಕಟಿಸಿದರು. ಆಗ ಮೆದುಳಿನ ಗೆರೆ ಹೆಚ್ಚುಕಮ್ಮಿ ಎಚ್ಚರದವರ ಗೆರೆ ಹಾಗೇ ಇರುತ್ತದೆ. ಮೈಗೆ ಮಾತ್ರ ಬೀಗ.

ಈ ಹಂತಗಳ ಸುತ್ತು ಸುಮಾರು 90 ನಿಮಿಷಕ್ಕೊಂದು. ರಾತ್ರಿ ಮೊದಲ ಭಾಗದಲ್ಲಿ ತೇರು ಜಾಸ್ತಿ, ಬೆಳಗಿನ ಜಾವಕ್ಕೆ ರೆಮ್ ಜಾಸ್ತಿ. ಅಂದರೆ ನಾಲ್ಕೇ ಗಂಟೆ ಮಲಗಿ ಎದ್ದರೆ ಬೆಳಗಿನ ಪಾಳಿಯೇ ಖೋತಾ. ಒಂದೇ ಅಂತೆ!

‘ಹಾಗಾದರೆ ನನಗೆ ಏನೂ ನೆನಪಿಲ್ಲ ಯಾಕೆ?’ ಅಂತ ಇನ್ನೊಬ್ಬರು. ನಿಮಗೆ ಮೊನ್ನೆ ತಗೊಂಡ ಕೈಸಾಲವೂ ನೆನಪಿಲ್ಲ. ಸಾಲ ಆಫ್ ಆಯಿತಾ? ‘ನಮ್ಮ ತಾತ ಮೂರೇ ಗಂಟೆ ಮಲಗುತ್ತಿದ್ದರು’ ಅಂತ ಮತ್ತೊಬ್ಬರು. ಮಧ್ಯಾಹ್ನ ಕಟ್ಟೆ ಮೇಲೆ ಮಲಗಿದ್ದನ್ನು ಯಾರು ಲೆಕ್ಕ ಹಾಕುತ್ತಾರೆ?

ಮುಂದಿನ ವಾರ ಗೊರಕೆ ಬಗ್ಗೆ ಮಾತಾಡೋಣ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ನಾನು ನಿನ್ನೆ ಮಲಗಿದ್ದು ಎರಡು ಗಂಟೆಗೆ. ಎಡಿಟಿಂಗ್ ಇತ್ತು, ಅದು ಬೇರೆ ವಿಷಯ. ಮೆದುಳು ಆಫ್ ಆಗುವುದಿಲ್ಲ. ಯಾಕೆ ಅಂದರೆ... ಬರೆದುಕೊಂಡ ಚೀಟಿ ಬೆವರಿಗೆ ಒದ್ದೆಯಾಗಿದೆ. ಆಗಲ್ಲ ಅಂದರೆ ಆಗಲ್ಲ ರೀ, ಅಷ್ಟೇ! ಅಮ್ಮಾ, ಫ್ಯಾನ್ ಹಾಕು.