ತಾಮ್ರದ ಕೈ ಬಿಡಿಸಬೇಡಿ: ನೀಲಿ ಸೀರಮ್ ಬಗ್ಗೆ ನೇರ ಮಾತು

ನಮಸ್ಕಾರ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೇ ಮನೆಗಳಲ್ಲಿ ತಾಮ್ರದ ಹಂಡೆ ಇನ್ನೂ ಇದೆ. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಪ್ಪಗಿದ್ದ ಹಂಡೆ ಕೆಂಪಗೆ ಹೊಳೆಯುತ್ತೆ, ಕೈಯಲ್ಲಿದ್ದ ಹುಣಸೆ ಮಾತ್ರ ಹೊಲಸಾಗಿರುತ್ತೆ. ಹಂಡೆ ಮೇಲಿನ ತಾಮ್ರದ ಕಿಲುಬನ್ನ ಹುಳಿ ಕರಗಿಸಿ ಎಳ್ಕೊಂಡು ಬಂದಿದೆ. ಈ ಚಿತ್ರ ಕಣ್ಣ ಮುಂದೆ ಇರಲಿ. ಮುಖದ ಸುಕ್ಕಿಗೆ ಅಂತ ಹಚ್ಚೋ ತಾಮ್ರದ ನೀಲಿ ದ್ರವ, ಅಂದ್ರೆ ಕಾಪರ್ ಪೆಪ್ಟೈಡ್ ಸೀರಮ್, ಹೇಗೆ ಕೆಡುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಮೊದಲು ವಸ್ತು ಏನು ನೋಡೋಣ. ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಅನ್ನೋ ಮೂರು ಅಮೈನೋ ಆಮ್ಲ ಸೇರಿದ ಪುಟ್ಟ ಸರಪಳಿ, ಅಂದ್ರೆ ಪೆಪ್ಟೈಡ್, ಈ ಜಿಎಚ್‌ಕೆ. ಅದು ತಾಮ್ರದ ಒಂದು ಅಯಾನನ್ನ ಹಿಡಿದುಕೊಂಡರೆ ಕಾಪರ್ ಪೆಪ್ಟೈಡ್. 1973ರಲ್ಲಿ ಲೋರೆನ್ ಪಿಕಾರ್ಟ್ ಅನ್ನೋ ಸಂಶೋಧಕ ಇದನ್ನ ಮನುಷ್ಯರ ರಕ್ತದ ಪ್ಲಾಸ್ಮಾದಲ್ಲೇ ಗುರುತಿಸಿದರು. ಇಪ್ಪತ್ತರ ವಯಸ್ಸಲ್ಲಿ ಪ್ಲಾಸ್ಮಾದ ಒಂದು ಮಿ.ಲೀ.ಗೆ ಸುಮಾರು 200 ನ್ಯಾನೋಗ್ರಾಂ ಇರೋದು, ಅರವತ್ತಕ್ಕೆ 80ರ ಹತ್ತಿರ ಇಳಿಯುತ್ತೆ ಅಂತ ಲೆಕ್ಕ. ಚರ್ಮದ ಜೀವಕೋಶಗಳನ್ನ ಲ್ಯಾಬಿನಲ್ಲಿ ಬೆಳೆಸಿ ಇದನ್ನ ಕೊಟ್ಟಾಗ ಚರ್ಮವನ್ನ ಬಿಗಿಯಾಗಿಡೋ ಕೊಲಾಜೆನ್ ಪ್ರೋಟೀನಿನ ತಯಾರಿ ಹೆಚ್ಚಾಗಿದ್ದನ್ನ 1988ರಲ್ಲೇ ತೋರಿಸಿದ್ದಾರೆ.

ಆದರೆ ಲ್ಯಾಬಿನ ತಟ್ಟೆ ಬೇರೆ, ಬಿಸಿಲಲ್ಲಿ ಓಡಾಡೋ ಮುಖ ಬೇರೆ. ಮುಖದ ಮೇಲೆ ನಡೆದ ಪ್ರಯೋಗಗಳು ಚಿಕ್ಕವು. ಸಣ್ಣ ಸುಕ್ಕು, ಚರ್ಮದ ಬಿಗಿತದಲ್ಲಿ ಸ್ವಲ್ಪ ಸುಧಾರಣೆ ಕಂಡಿದೆ, ಅದೂ ಹನ್ನೆರಡು ವಾರ ಬಿಡದೆ ಹಚ್ಚಿದ ಮೇಲೆ. ಮುಖದ ಕಪ್ಪು ಕಲೆಗೆ, ಅಂದ್ರೆ ಬಂಗಿಗೆ, ಇದು ಮದ್ದಲ್ಲ. ಮೊಡವೆಯ ಗುಂಡಿ ತುಂಬಲ್ಲ. ಸನ್‌ಸ್ಕ್ರೀನ್ ಹಚ್ಚದೆ 42 ಡಿಗ್ರಿ ಬಿಸಿಲಲ್ಲಿ ತಿರುಗಿ, ರಾತ್ರಿ ಇದನ್ನ ಹಚ್ಚೋದು ತೂತು ಕೊಡದಲ್ಲಿ ನೀರು ತಂದಂಗೆ. ಕೈಲಿ ಒಂದಕ್ಕೇ ದುಡ್ಡಿದ್ದರೆ ಸನ್‌ಸ್ಕ್ರೀನ್ ತಗೊಳ್ಳಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಈಗ ಹುಳಿ ಕಥೆಗೆ ಬರೋಣ. ಪೆಪ್ಟೈಡ್ ತಾಮ್ರವನ್ನ ಹಿಡಿದುಕೊಂಡಿರೋವರೆಗೂ ಅದು ಸೀರಮ್. ಹಿಡಿತ ಗಟ್ಟಿ ಇರೋದು ಪಿಎಚ್ ಐದೂವರೆಯಿಂದ ಏಳರ ಆಸುಪಾಸಿನಲ್ಲಿ. ಪಿಎಚ್ ಅಂದ್ರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ವಿಟಮಿನ್ ಸಿ, ಅಂದ್ರೆ ಆಸ್ಕಾರ್ಬಿಕ್ ಆಸಿಡ್ ಸೀರಮ್, ಮೂರು ಮೂರೂವರೆ ಪಿಎಚ್‌ನಲ್ಲಿರುತ್ತೆ. ಚರ್ಮದ ಮೇಲ್ಪದರ ಸುಲಿಯೋ ಗ್ಲೈಕೋಲಿಕ್ ಆಸಿಡ್ಡೂ ಹೆಚ್ಚುಕಡಿಮೆ ಹಾಗೇ. ಅಷ್ಟು ಹುಳಿಯಲ್ಲಿ ಹಿಸ್ಟಿಡಿನ್ ಕೈ ಸಡಿಲವಾಗುತ್ತೆ, ತಾಮ್ರ ಬಿಟ್ಟುಹೋಗುತ್ತೆ. ಬಿಡಿಯಾದ ತಾಮ್ರ ಸುಮ್ಮನಿರಲ್ಲ, ವಿಟಮಿನ್ ಸಿಯನ್ನ ಬೇಗ ಆಕ್ಸಿಡೈಸ್ ಮಾಡಿ ಕೆಡಿಸುತ್ತೆ. ಹೀಗೆ ಎರಡೂ ಬಾಟಲಿ ದುಡ್ಡು ದಂಡ. ವಿಟಮಿನ್ ಸಿ ಬೆಳಿಗ್ಗೆ, ಕಾಪರ್ ಪೆಪ್ಟೈಡ್ ರಾತ್ರಿ. ಆಸಿಡ್ ಹಚ್ಚೋ ರಾತ್ರಿ ಇದಕ್ಕೆ ರಜೆ. ಮೊಡವೆಗೆ ಹಚ್ಚೋ ಬೆನ್ಝಾಯಿಲ್ ಪೆರಾಕ್ಸೈಡನ್ನೂ ಇದರ ಜೊತೆ ಬೆರೆಸಬೇಡಿ. ನಿಯಾಸಿನಮೈಡ್, ಹ್ಯಾಲುರಾನಿಕ್ ಆಸಿಡ್ ಜೊತೆ ತಂಟೆ ಇಲ್ಲ. ಎರಡನೆಯದರ ಹೆಸರಲ್ಲಿ ಆಸಿಡ್ ಇದೆ ಅಂತ ಗಾಬರಿ ಬೇಡ, ಅದು ಚರ್ಮ ಸುಲಿಯೋ ಆಸಿಡ್ ಅಲ್ಲ. ಲೇಬಲ್‌ನಲ್ಲಿ ಇಡಿಟಿಎ ಕಂಡರೆ ಆ ಸೀರಮ್ ಬಿಡಿ ಅಂತೀನಿ, ಇಡಿಟಿಎ ಅನ್ನೋದು ಲೋಹವನ್ನ ಹಿಡಿದಿಡೋ ರಾಸಾಯನಿಕ, ತಾಮ್ರವನ್ನ ಪೆಪ್ಟೈಡ್‌ಗಿಂತ ಬಿಗಿಯಾಗಿ ಹಿಡಿಯುತ್ತೆ.

ಲೇಬಲ್ ಓದೋವಾಗ ಹುಡುಕಬೇಕಾದ ಹೆಸರು ‘ಕಾಪರ್ ಟ್ರೈಪೆಪ್ಟೈಡ್-1’. ಒಂದು ಪರ್ಸೆಂಟ್ ಇದ್ದರೆ ಸೀರಮ್ ತಾನಾಗೇ ಒಳ್ಳೆ ನೀಲಿ. ‘ಸಿಐ 42090’ ಅಂತ ಬರೆದಿದ್ದರೆ ನೀಲಿ ಬಣ್ಣ ಬೇರೆ ಹಾಕಿದ್ದಾರೆ, ಆ ಬಣ್ಣ ನೋಡಿ ಪ್ರಮಾಣ ಅಳೆಯೋಕಾಗಲ್ಲ. ‘ಪೆಪ್ಟೈಡ್ ಕಾಂಪ್ಲೆಕ್ಸ್ 10%’ ಅಂತಿದ್ದರೆ ಅದು ಪೆಪ್ಟೈಡ್ ಕರಗಿಸಿದ ದ್ರಾವಣದ ಲೆಕ್ಕ ಇರಬಹುದು. 30 ಮಿ.ಲೀ. ಬಾಟಲಿಯಲ್ಲಿ ಒಂದು ಪರ್ಸೆಂಟ್ ಅಂದ್ರೆ 300 ಮಿಲಿಗ್ರಾಂ, 0.05 ಪರ್ಸೆಂಟ್ ಅಂದ್ರೆ ಬರೀ 15. ಬೆಲೆ ನೋಡೋ ಮುಂಚೆ ಈ ಲೆಕ್ಕ ಹಾಕಿ.

ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಬೆಳೆಯೋರಿಗೆ ಒಂದು ಮಾತು. ಬೋರ್ಡೋ ದ್ರಾವಣಕ್ಕೆ ಹಾಕೋ ಮೈಲುತುತ್ತವೂ ತಾಮ್ರ, ಅದೂ ನೀಲಿ. ಆದರೆ ಅಲ್ಲಿ ತಾಮ್ರವನ್ನ ಹಿಡಿದಿಡೋ ಪೆಪ್ಟೈಡ್ ಇಲ್ಲ. ಚರ್ಮಕ್ಕೆ ಉರಿ, ಕಣ್ಣಿಗೆ ಅಪಾಯ, ಹೊಟ್ಟೆಗೆ ಹೋದರೆ ವಿಷ. ಮನೆಯಲ್ಲೇ ಸೀರಮ್ ಮಾಡ್ತೀನಿ ಅಂತ ಅದರ ತಂಟೆಗೆ ಹೋಗಲೇಬೇಡಿ. ತಾಮ್ರದ ತಂಬಿಗೆ ನೀರಲ್ಲಿ ಮುಖ ತೊಳೆದರೂ ಪೆಪ್ಟೈಡ್ ಸಿಗಲ್ಲ.

ಹಚ್ಚೋದು ಹೀಗೆ. ಮೊದಲು ಮೊಣಕೈ ಒಳಮಡಿಕೆಯಲ್ಲಿ ಮೂರು ರಾತ್ರಿ ಹಚ್ಚಿ ನೋಡಿ. ತುರಿಕೆ, ಕೆಂಪು ಬಂದರೆ ಅಲ್ಲಿಗೇ ನಿಲ್ಲಿಸಿ. ಬರದಿದ್ದರೆ ಮುಖ ತೊಳೆದು, ಒತ್ತಿ ಒರೆಸಿ, ನಾಲ್ಕೈದು ಹನಿ. ಎರಡು ನಿಮಿಷ ಬಿಟ್ಟು ಮಾಯಿಶ್ಚರೈಸರ್. ಮೊದಲ ಎರಡು ವಾರ ದಿನ ಬಿಟ್ಟು ದಿನ. ವಿಲ್ಸನ್ಸ್ ಕಾಯಿಲೆ ಇರೋರು, ಅಂದ್ರೆ ದೇಹದಲ್ಲಿ ತಾಮ್ರ ಶೇಖರವಾಗೋ ಕಾಯಿಲೆ ಇರೋರು, ಡಾಕ್ಟರನ್ನ ಕೇಳದೆ ಮುಟ್ಟಬಾರದು. ಮನೆಯಲ್ಲಿ ಸಣ್ಣ ಸೂಜಿಗಳಿರೋ ಡರ್ಮಾರೋಲರ್ ಮುಖದ ಮೇಲೆ ಉರುಳಿಸಿ ಅದರ ಮೇಲೆ ಇದನ್ನ ಸುರಿಯೋದೂ ಬೇಡ, ಸೂಜಿ ತೂತಿನೊಳಗೆ ಇಳಿಸೋಕೆ ಮಾಡಿದ ಸ್ಟೆರೈಲ್ ಔಷಧ ಅಲ್ಲ ಇದು. ಇದರ ಪುಡಿ ತುಂಬಿದ ಸಣ್ಣ ಶೀಶೆ ತರಿಸಿ ಇಂಜೆಕ್ಷನ್ ತಗೊಳ್ಳೋ ಹುಚ್ಚಂತೂ ಬೇಡವೇ ಬೇಡ.

ಕೊನೆಗೆ ನಮ್ಮ ಬೇಸಿಗೆ. ಕೊರಿಯರ್‌ನಲ್ಲಿ ಎರಡು ದಿನ ಬಿಸಿಯಾದರೆ ಪೆಪ್ಟೈಡ್ ಸಾಯಲ್ಲ. ಆದರೆ ತಗಡಿನ ಮನೆಯ ಗೂಡಿನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೂ ಇಟ್ಟರೆ ಅದು ಬೇರೆ ಮಾತು. ಮುಚ್ಚಳ ಬಿಗಿದು, ಡಬ್ಬಿ ಸಮೇತ ಫ್ರಿಡ್ಜ್ ಬಾಗಿಲಲ್ಲಿ ಇಡಿ. ನೀಲಿ ಹೋಗಿ ಕಂದು ತಿರುಗಿದರೆ, ವಾಸನೆ ಬಂದರೆ, ಚೆಲ್ಲಿ. ರಾತ್ರಿಗೆ ಐದು ಹನಿ ಅಂದ್ರೆ ಸುಮಾರು ಕಾಲು ಮಿ.ಲೀ.; 30 ಮಿ.ಲೀ. ನಾಲ್ಕು ತಿಂಗಳು ಬರುತ್ತೆ. ದಿನ ಬಿಟ್ಟು ದಿನ ಹಚ್ಚೋರಿಗೆ ಎಂಟು ತಿಂಗಳು ಎಳೆಯುತ್ತೆ, ತೆರೆದ ಬಾಟಲಿಗೆ ಅದು ಜಾಸ್ತಿಯಾಯ್ತು. ಅಂಥವರು 15 ಮಿ.ಲೀ.ದೇ ಕೊಳ್ಳಿ.