ಹನ್ನೆರಡನೆಯವನು ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಇದು ಶುಕ್ರವಾರದ ಸಂಜೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಈಗ ಬ್ಯಾಗು ತುಂಬುವ ಗಡಿಬಿಡಿ ನಡೆದಿರಬಹುದು. ಮಗನೋ ಮಗಳೋ ರಾತ್ರಿ ಬಸ್ಸಿಗೆ ಹೊರಟಿರಬಹುದು, ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ತಡಿಯಂಡಮೋಳ್‌ಗೋ. ಬೂಟು, ಟಾರ್ಚು, ನೀರಿನ ಬಾಟಲಿ, ಚಪಾತಿ, ಚಟ್ನಿಪುಡಿ ಎಲ್ಲವೂ ಸೇರಿರುತ್ತವೆ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ರೇಡಿಯೋ ಕೇಳುತ್ತಿರುವ ತಾಯಂದಿರಲ್ಲಿ ನನ್ನದೊಂದು ವಿನಂತಿ. ಸ್ವೆಟರ್ ಇಟ್ಟುಕೊಂಡೆಯಾ ಎಂದು ಹೇಗೂ ಕೇಳುತ್ತೀರಿ. ಅದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ. ಎಷ್ಟು ಜನ ಹೋಗುತ್ತಿದ್ದೀರಿ? ಎಲ್ಲರಿಗಿಂತ ಹಿಂದೆ ನಡೆಯುವವರು ಯಾರು? ಮೊದಲ ಪ್ರಶ್ನೆಗೆ ಉತ್ತರ ತಕ್ಷಣ ಬರುತ್ತದೆ. ಎರಡನೆಯದಕ್ಕೆ ಮಕ್ಕಳು ನಿಮ್ಮ ಮುಖವನ್ನೇ ನೋಡುತ್ತಾರೆ. ಹಾಗೆ ನೋಡಿದರೆ ಹೊಸ್ತಿಲು ದಾಟುವ ಮೊದಲು ಅದನ್ನು ಅವರಿಂದಲೇ ಗೊತ್ತುಮಾಡಿಸಿ.

ಮೂವತ್ತು ವರ್ಷಗಳಿಂದ ನಾನು ಪಶ್ಚಿಮ ಘಟ್ಟಗಳಲ್ಲಿ ಚಾರಣದ ತಂಡಗಳ ಜೊತೆ ನಡೆಯುತ್ತಿದ್ದೇನೆ. ದಾರಿ ತಪ್ಪಿದವರನ್ನು ಹುಡುಕಲು ಊರವರ ಜೊತೆ, ಅರಣ್ಯ ಇಲಾಖೆಯ ಕಾವಲುಗಾರರ ಜೊತೆ ರಾತ್ರಿ ಹೊತ್ತು ಗುಡ್ಡ ಹತ್ತಿದ್ದೇನೆ. ಈ ಹದಿನೈದು ನಿಮಿಷಗಳಲ್ಲಿ ಒಂದೇ ಮಾತು ಹೇಳಲು ಬಂದಿದ್ದೇನೆ. ತಲೆ ಎಣಿಸಿ. ಹೊರಡುವಾಗ ಎಣಿಸಿ, ಹಳ್ಳ ದಾಟಿದ ಮೇಲೆ ಎಣಿಸಿ, ದಾರಿ ಕವಲೊಡೆಯುವಲ್ಲಿ ನಿಂತು ಎಣಿಸಿ.

ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಂಜೆ ಗುಡ್ಡದಿಂದ ದನ ಇಳಿಸಿಕೊಂಡು ಬರುವ ಹುಡುಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಂದೊಂದನ್ನೇ ಒಳಗೆ ಬಿಡುತ್ತಾನೆ. ಒಂದು ಕರು ಕಡಿಮೆಯಾದರೂ ಬೆಳಕಿರುವಾಗಲೇ ಹಿಂದಿರುಗಿ ಹೋಗುತ್ತಾನೆ. ಇಪ್ಪತ್ತು ದನಗಳ ಮೇಲೆ ಆ ಹುಡುಗನಿಗಿರುವ ಎಚ್ಚರ, ಓದಿದ, ಕೆಲಸದಲ್ಲಿರುವ ಹನ್ನೆರಡು ಮಂದಿ ಗೆಳೆಯರಿಗೆ ಒಬ್ಬರ ಮೇಲೊಬ್ಬರಿಗೆ ಯಾಕೆ ಇರುವುದಿಲ್ಲ? ಇಷ್ಟು ವರ್ಷಗಳ ನಂತರವೂ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ದೀರ್ಘವಾಗಬಹುದು, ಆದರೆ ನಾನು ಹೇಳಬೇಕಾದುದೆಲ್ಲ ಅದರಲ್ಲೇ ಇದೆ.

ಕುಮಾರಪರ್ವತ ನಿಮಗೆ ಗೊತ್ತು. ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿದರೆ ಮೊದಲು ದಟ್ಟ ಕಾಡು, ಆಮೇಲೆ ಭಟ್ಟರ ಮನೆ, ಅಲ್ಲಿಂದ ಮೇಲೆ ಬೋಳು ಹುಲ್ಲುಗುಡ್ಡ, ಕಲ್ಲುಮಂಟಪ, ಶೇಷಪರ್ವತ. ಶೇಷಪರ್ವತದಲ್ಲಿ ನಿಂತರೆ ಕುಮಾರಪರ್ವತ ಎದುರಿಗೇ ಕಾಣುತ್ತದೆ, ಕೈ ಚಾಚಿದರೆ ಸಿಗುವಂತೆ. ಆದರೆ ನಡುವೆ ಒಂದು ತಗ್ಗಿದೆ. ಆ ತಗ್ಗಿನಲ್ಲಿ ಶೋಲಾ ಕಾಡು. ಗಿಡ್ಡ ಮರಗಳು, ಮೈಯೆಲ್ಲ ಪಾಚಿ, ನಡುಹಗಲಿನಲ್ಲೂ ಮಬ್ಬು. ಹುಲ್ಲುಗುಡ್ಡದಲ್ಲಿ ದಾರಿ ಒಂದು ಗೆರೆಯಂತೆ ಎದ್ದು ಕಾಣುತ್ತದೆ. ಶೋಲಾದ ಒಳಗೆ ಕಾಲು ಇಡುತ್ತಿದ್ದಂತೆ ಆ ಗೆರೆ ಅಳಿಸಿಹೋಗುತ್ತದೆ.

ನವೆಂಬರ್ ಕೊನೆಯ ಒಂದು ಶನಿವಾರ. ಬೆಂಗಳೂರಿನ ಒಂದೇ ಕಚೇರಿಯ ಹನ್ನೆರಡು ಮಂದಿ. ತುದಿ ಮುಟ್ಟಿ, ಫೋಟೋ ತೆಗೆದುಕೊಂಡು, ಮಧ್ಯಾಹ್ನ ಎರಡು ಗಂಟೆಗೆ ಇಳಿಯಲು ಶುರುಮಾಡಿದರು. ಅವರಲ್ಲಿ ಒಬ್ಬ ಹುಡುಗನಿಗೆ ಮಂಡಿ ನೋವು. ಇಳಿಜಾರಿನಲ್ಲಿ ಮಂಡಿ ಹೇಗೆ ಸತಾಯಿಸುತ್ತದೆ ಎಂಬುದು ನಡೆದವರಿಗೆ ಗೊತ್ತು. ಎಲ್ಲರೂ ಎರಡು ಸಲ ನಿಂತು ಅವನಿಗಾಗಿ ಕಾದರು. ಮೂರನೆಯ ಸಲ ಅವನಿಗೇ ಸಂಕೋಚವಾಯಿತು. "ನೀವು ನಡೆಯುತ್ತಿರಿ, ನಾನು ಬರುತ್ತೇನೆ" ಎಂದ.

ನೀವು ನಡೆಯುತ್ತಿರಿ, ನಾನು ಬರುತ್ತೇನೆ. ಗುಡ್ಡದಲ್ಲಿ ಆಡುವ ಮಾತುಗಳಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಆಡುತ್ತಾರೆ. ಕೇಳಿದವರೂ ಒಳ್ಳೆಯ ಮನಸ್ಸಿನಿಂದಲೇ ಒಪ್ಪಿಕೊಳ್ಳುತ್ತಾರೆ. ಯಾರಾದರೂ ನಿಮಗೆ ಹಾಗೆ ಹೇಳಿದರೆ ದಯವಿಟ್ಟು ಅಲ್ಲೇ ಕುಳಿತುಬಿಡಿ.

ಹನ್ನೊಂದು ಮಂದಿ ನಡೆದರು. ಶೋಲಾದ ನಡುವೆ ಒಂದು ಮರ ದಾರಿಗೆ ಅಡ್ಡ ಬಿದ್ದಿತ್ತು. ಅದನ್ನು ಎಡಕ್ಕೆ ಸುತ್ತಿ ದಾಟಬೇಕು. ಹುಡುಗ ಅಲ್ಲಿಗೆ ತಲುಪುವ ಹೊತ್ತಿಗೆ ಮಂಜು ಇಳಿದಿತ್ತು. ಬಲಗಡೆ ಸವೆದ ಜಾಡೊಂದು ಕಂಡಿತು. ಕಾಡುಕೋಣ, ಕಡವೆ ನಡೆದು ನಡೆದು ಆದ ಜಾಡು ಅದು. ಮನುಷ್ಯರ ದಾರಿಗಿಂತ ಅಚ್ಚುಕಟ್ಟಾಗಿಯೇ ಇರುತ್ತದೆ. ಅದರಲ್ಲಿ ನಡೆದ.

ಮುಂದಿದ್ದ ಐವರು ಕಲ್ಲುಮಂಟಪಕ್ಕೆ ಬಂದು ನೀರು ಕುಡಿದು ಹೊರಟರು. ಅವನು ಹಿಂದಿನವರ ಜೊತೆ ಇದ್ದಾನೆ ಎಂದುಕೊಂಡರು. ಹಿಂದಿದ್ದ ಆರು ಮಂದಿ, ನಾವು ಫೋಟೋ ತೆಗೆಯುವಾಗ ಅವನು ನಮ್ಮನ್ನು ದಾಟಿ ಮುಂದೆ ಹೋಗಿರಬೇಕು ಎಂದುಕೊಂಡರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಅವನನ್ನು ಬೇಕೆಂದು ಬಿಟ್ಟು ಬರಲಿಲ್ಲ. ಎಣಿಸಲಿಲ್ಲ, ಅಷ್ಟೇ. ಕತ್ತಲಾಗುವ ಹೊತ್ತಿಗೆ ಭಟ್ಟರ ಮನೆಗೆ ಬಂದರು. ಊಟಕ್ಕೆ ಹನ್ನೆರಡು ತಟ್ಟೆ ಇಟ್ಟಿದ್ದರು. ಎಲ್ಲರೂ ಕುಳಿತರು. ಅನ್ನ ಬಂತು, ಸಾರು ಬಂತು. ಒಂದು ತಟ್ಟೆಯ ಮುಂದೆ ಯಾರೂ ಕೂರಲಿಲ್ಲ. ಅವರು ಮಾಡದ ಲೆಕ್ಕವನ್ನು ಆ ಖಾಲಿ ತಟ್ಟೆ ಮಾಡಿತು. ಅದೂ ಐದು ಗಂಟೆ ತಡವಾಗಿ.

ಆ ರಾತ್ರಿ ನಾನು ಸುಬ್ರಹ್ಮಣ್ಯದಲ್ಲೇ ಇದ್ದೆ. ಎಂಟು ಗಂಟೆಗೆ ಸುದ್ದಿ ಬಂತು. ಕಾಡು ಬಲ್ಲ ನಾಲ್ಕು ಮಂದಿ ಊರವರು, ಇಬ್ಬರು ಕಾವಲುಗಾರರು, ನಾನು. ಹಗ್ಗ, ಟಾರ್ಚು, ಒಂದು ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಶೋಲಾದ ಅಂಚಿಗೆ ಬರುವಾಗ ರಾತ್ರಿ ಒಂದೂವರೆ. ಮಂಜಿನಲ್ಲಿ ಟಾರ್ಚಿನ ಬೆಳಕು ನಾಲ್ಕು ಮಾರು ದಾಟುವುದಿಲ್ಲ, ಬಿಳಿ ಗೋಡೆಗೆ ಬಡಿದಂತೆ ವಾಪಸು ಬರುತ್ತದೆ. ನಮ್ಮಲ್ಲಿ ಹಿರಿಯರೊಬ್ಬರಿದ್ದರು, ಅರವತ್ತು ದಾಟಿದವರು. ಅವರು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂ ಹಾಕುತ್ತಿದ್ದರು. ಕೂ ಹಾಕಿ, ನಮ್ಮೆಲ್ಲರಿಗೂ ಉಸಿರು ಬಿಗಿಹಿಡಿದು ನಿಲ್ಲಲು ಸನ್ನೆ ಮಾಡಿ, ಒಂದು ನಿಮಿಷ ಕಿವಿಗೊಟ್ಟು ಕೇಳುತ್ತಿದ್ದರು. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಕೂ. ಮತ್ತೆ ಮೌನ. ಬೆಳಗಿನವರೆಗೂ ಹೀಗೇ ನಡೆಯಿತು.

ಬೆಳಕು ಹರಿದ ಮೇಲೆ ಆ ಹಿರಿಯರೇ ಬಿದ್ದ ಮರದ ಬಲಕ್ಕೆ ಇಳಿದರು. ಸ್ವಲ್ಪ ದೂರದಲ್ಲಿ ಒಂದು ಬಂಡೆ. ಅದರ ಮೇಲಿನ ಪಾಚಿ ಗೇಣುದ್ದ ಕಿತ್ತುಹೋಗಿತ್ತು. ಬೆರಳಿಟ್ಟು ನೋಡಿದರು. "ಇದು ಪ್ರಾಣಿಯ ಗೊರಸಲ್ಲ, ಬೂಟು ಜಾರಿದ್ದು" ಎಂದರು. ಅಲ್ಲಿಂದ ಕೆಳಗೆ ಮುರಿದ ಜರಿಗಿಡಗಳ ಗುರುತು ಹಿಡಿದು ಇಳಿದೆವು. ದಾರಿಯಿಂದ ಸುಮಾರು ನಾನೂರು ಮೀಟರ್ ಕೆಳಗೆ, ಒಂದು ತೊರೆ ಬಂಡೆಯಿಂದ ಧುಮುಕುವ ಅಂಚಿನಲ್ಲಿ, ಮರದ ಬೇರೊಂದನ್ನು ತಬ್ಬಿಕೊಂಡು ಹುಡುಗ ಕುಳಿತಿದ್ದ. ಬಟ್ಟೆ ಪೂರ್ತಿ ಒದ್ದೆ, ತುಟಿ ನೀಲಿ, ಇಂಬಳ ಕಚ್ಚಿ ಕಾಲುಚೀಲ ಕೆಂಪಾಗಿತ್ತು. ಹಿರಿಯರು ಅವನ ಬೆನ್ನ ಮೇಲೆ ಕೈಯಿಟ್ಟು "ಹೆದರಬೇಡ ಮಾರಾಯ, ಬಂದೆವಲ್ಲ" ಎಂದರು. ಅವನು ಏನೋ ಹೇಳಲು ಬಾಯಿ ತೆರೆದ. ದನಿ ಬರಲಿಲ್ಲ.

ಆಮೇಲೆ, ಕಾಫಿ ಕುಡಿದ ಮೇಲೆ, ಪಿಸುದನಿಯಲ್ಲಿ ಹೇಳಿದ. ನಮ್ಮ ಕೂ ಅವನಿಗೆ ರಾತ್ರಿಯಿಡೀ ಕೇಳಿಸಿತ್ತು. ಉತ್ತರ ಕೊಡಲಾಗಲಿಲ್ಲ. ಸಂಜೆಯ ಹೊತ್ತಿಗೆ ಎರಡು ಗಂಟೆ ಕಾಲ ಗೆಳೆಯರ ಹೆಸರು ಹಿಡಿದು ಕೂಗಿ ಕೂಗಿ ಗಂಟಲು ಸಂಪೂರ್ಣ ಕಟ್ಟಿಹೋಗಿತ್ತು.

ಒಂದು ಸೀಟಿ ಇದ್ದಿದ್ದರೆ ಸಾಕಿತ್ತು. ಊದಲು ದನಿ ಬೇಡ, ಉಸಿರಿದ್ದರೆ ಸಾಕು. ಅವನ ಬ್ಯಾಗನ್ನು ನಾನೇ ಹೊತ್ತುಕೊಂಡು ಇಳಿದೆ. ಎದೆಯ ಪಟ್ಟಿಯ ಕ್ಲಿಪ್ಪಿನಲ್ಲಿ ಸಣ್ಣ ಸೀಟಿಯೊಂದು ಇತ್ತು! ಈಗಿನ ಹಲವು ಚಾರಣದ ಬ್ಯಾಗುಗಳಲ್ಲಿ ಅದು ಇರುತ್ತದೆ. ಅದು ಸೀಟಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇವತ್ತು ರಾತ್ರಿ ಬ್ಯಾಗು ತುಂಬುವವರು ಒಮ್ಮೆ ಆ ಕ್ಲಿಪ್ಪನ್ನು ಬಾಯಿಗಿಟ್ಟು ಊದಿ ನೋಡಿ. ಇಲ್ಲದಿದ್ದರೆ ಇಪ್ಪತ್ತು ಮೂವತ್ತು ರೂಪಾಯಿಯದೊಂದನ್ನು ಕೊಂಡು ಪಟ್ಟಿಗೆ ಕಟ್ಟಿ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ದಾರಿ ತಪ್ಪಿತು ಎಂದು ಗೊತ್ತಾದ ಕೂಡಲೇ ನಿಲ್ಲಿ. ಇನ್ನೂ ಸ್ವಲ್ಪ ಮುಂದೆ ನೋಡೋಣ ಎನ್ನಬೇಡಿ. ಜರ್ಮನಿಯ ಟ್ಯೂಬಿಂಗನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಜನರನ್ನು ಕಾಡಿಗೆ ಕರೆದೊಯ್ದು ನೇರವಾಗಿ ನಡೆಯಲು ಹೇಳಿದರು. ಅದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸೂರ್ಯ ಕಾಣುತ್ತಿದ್ದಾಗ ನಡೆದವರು ಹೆಚ್ಚುಕಡಿಮೆ ನೇರವಾಗಿಯೇ ನಡೆದರು. ಮೋಡ ಕವಿದಿದ್ದಾಗ ನಡೆದವರು ಸುತ್ತು ಹೊಡೆದು ತಾವು ನಡೆದ ದಾರಿಯನ್ನೇ ಮತ್ತೆ ದಾಟಿದರು, ಅದು ಅವರಿಗೆ ತಿಳಿಯಲೂ ಇಲ್ಲ. ನಮ್ಮ ಊರುಗಳಲ್ಲಿ ಕಾಡಿನಲ್ಲಿ ದಾರಿ ತಪ್ಪಿಸುವ ಬಳ್ಳಿಯೊಂದಿದೆ, ಅದನ್ನು ದಾಟಿದರೆ ಸುತ್ತಿದಲ್ಲೇ ಸುತ್ತುತ್ತೀರಿ ಎಂದು ಹಿರಿಯರು ಹೇಳುತ್ತಾರೆ. ಬಳ್ಳಿ ಇದೆಯೋ ಇಲ್ಲವೋ, ಸುತ್ತುವುದಂತೂ ನಿಜ. ಮಂಜಿನಲ್ಲಿ ನಿಮ್ಮ ಕಾಲನ್ನು ನಂಬಬೇಡಿ. ಒಂದು ಮರ ಹಿಡಿದು ಕುಳಿತುಕೊಳ್ಳಿ. ಆ ಹುಡುಗ ಬಿದ್ದ ಮರದ ಬಳಿಯೇ ಕುಳಿತಿದ್ದರೆ ರಾತ್ರಿಯೇ ನಮ್ಮ ಕೈಗೆ ಸಿಗುತ್ತಿದ್ದ.

ನೀರು ಹರಿದತ್ತ ನಡೆದರೆ ಊರು ಸಿಗುತ್ತದೆ ಎಂಬ ಮಾತನ್ನು ಮರೆತುಬಿಡಿ. ಬಯಲುಸೀಮೆಯಲ್ಲಿ ಅದು ಸರಿಯಿರಬಹುದು. ಪಶ್ಚಿಮ ಘಟ್ಟದಲ್ಲಿ ನೀರು ಹರಿದತ್ತ ನಡೆದರೆ ಜಲಪಾತದ ನೆತ್ತಿ ಸಿಗುತ್ತದೆ. ಇದೇ ಬೆಟ್ಟಸಾಲಿನ ಕುಮಾರಧಾರೆ ಸೋಮವಾರಪೇಟೆಯ ಕಡೆ ಮಲ್ಲಳ್ಳಿಯಲ್ಲಿ ಹೇಗೆ ಧುಮುಕುತ್ತದೆ ಎಂಬುದನ್ನು ನೀವು ನೋಡಿದ್ದೀರಿ. ಆ ಹುಡುಗನೂ ನೀರಿನ ಸದ್ದು ಹಿಡಿದೇ ಇಳಿದಿದ್ದ. ಇನ್ನು ಎಂಟು ಹೆಜ್ಜೆ ಇಟ್ಟಿದ್ದರೆ ನಾನು ಈ ಕಥೆಯನ್ನು ಬೇರೆ ರೀತಿ ಹೇಳಬೇಕಾಗುತ್ತಿತ್ತು.

ಮೊಬೈಲ್ ಇದೆಯಲ್ಲ ಎನ್ನುತ್ತೀರಿ. ಸಿಗ್ನಲ್ ಇಲ್ಲದ ಕಡೆ ಅದು ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ತಿಂದುಹಾಕುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿಡಿ, ಫೋಟೋ ಸಾಕುಮಾಡಿ. ತುರ್ತು ಸಂಖ್ಯೆ 112. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ಆ ಕರೆ ಹೋಗಬಹುದು. ಕರೆ ಹೋಗದ ಕಡೆ ಕೆಲವೊಮ್ಮೆ ಮೆಸೇಜ್ ಹೋಗುತ್ತದೆ, ಅದನ್ನೂ ಪ್ರಯತ್ನಿಸಿ.

ಒದ್ದೆ ಬಟ್ಟೆ ಮತ್ತು ಗಾಳಿ, ಇವೆರಡೂ ಸೇರಿದರೆ ನಮ್ಮ ಘಟ್ಟದಲ್ಲೂ ಮೈ ಅಪಾಯಕಾರಿಯಾಗಿ ತಣ್ಣಗಾಗುತ್ತದೆ. ಹಿಮ ಬೀಳಬೇಕೆಂದೇನಿಲ್ಲ. ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನೆಲದ ಮೇಲೆ ಕೂರಬೇಡಿ, ಬ್ಯಾಗಿನ ಮೇಲೆ ಕುಳಿತುಕೊಳ್ಳಿ.

2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಜನ ಮುಗಿಬಿದ್ದದ್ದು ನಿಮಗೆ ನೆನಪಿರಬಹುದು. ಆಮೇಲೆ ಸರ್ಕಾರ ಚಾರಣಗಳನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್‌ನಲ್ಲಿ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ತಂದಿತು. ಕೆಲವರಿಗೆ ಅದು ಕಿರಿಕಿರಿ. ನನಗೆ ಸಂತೋಷ. ಎಷ್ಟು ಜನ ಹತ್ತಿದರು ಎಂಬ ಲೆಕ್ಕ ಒಂದು ಕಡೆಯಾದರೂ ಬರೆದಿರುತ್ತದೆ. ದಯವಿಟ್ಟು ಕಳ್ಳದಾರಿಯಲ್ಲಿ ಹತ್ತಬೇಡಿ. ಪಟ್ಟಿಯಲ್ಲಿ ಇಲ್ಲದವನನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ಎಣಿಸುವುದು ಹೇಗೆ ಎಂಬುದನ್ನು ಹೇಳಿ ಮುಗಿಸುತ್ತೇನೆ. ಬೆರಳು ತೋರಿಸಿ ಎಣಿಸಬೇಡಿ, ತಪ್ಪುತ್ತದೆ. ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ, ಹೊಳೆ ದಾಟಿದ ಹತ್ತು ಜನರ ಕಥೆ ನಿಮಗೆಲ್ಲ ಗೊತ್ತೇ ಇದೆ. ಹೊರಡುವಾಗಲೇ ಪ್ರತಿಯೊಬ್ಬರಿಗೂ ಒಂದೊಂದು ಸಂಖ್ಯೆ ಕೊಡಿ. ನಿಂತಲ್ಲೆಲ್ಲ ಒಬ್ಬೊಬ್ಬರೂ ತಮ್ಮ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಲಿ. ಒಂದು ಸಂಖ್ಯೆಯ ಜಾಗದಲ್ಲಿ ಮೌನ ಬಂದರೆ ಅಲ್ಲೇ ನಿಲ್ಲಿ, ಒಂದು ಹೆಜ್ಜೆಯೂ ಮುಂದೆ ಬೇಡ. ತಂಡದ ವೇಗ ಎಲ್ಲರಿಗಿಂತ ನಿಧಾನ ನಡೆಯುವವರ ವೇಗ. ದಾರಿ ಬಲ್ಲವರಲ್ಲಿ ಒಬ್ಬರು ಮುಂದೆ ನಡೆಯಲಿ, ಇನ್ನೊಬ್ಬರು ಕಟ್ಟಕಡೆಯಲ್ಲಿ. ಕಡೆಯಲ್ಲಿರುವವರು ಯಾವ ಕಾರಣಕ್ಕೂ ಯಾರನ್ನೂ ದಾಟಿ ಮುಂದೆ ಹೋಗಬಾರದು. ಬೂಟಿನ ದಾರ ಕಟ್ಟಲು ಯಾರು ನಿಂತರೂ ಅವರೂ ನಿಲ್ಲಬೇಕು.

ನಾಳೆ ಬೆಳಿಗ್ಗೆ ನಮ್ಮದೂ ಒಂದು ತಂಡ ಹೊರಡುತ್ತಿದೆ. ಹದಿನಾಲ್ಕು ಜನ. ಹದಿನಾಲ್ಕನೆಯ ಸಂಖ್ಯೆ ನನ್ನದು.

ನಮಸ್ಕಾರ.